ಬಾಡಿಗೆ ಮನೆಯಲ್ಲೊಂದು ಆಫೀಸು: ಮೊದಲು ಕರೆಂಟು, ಆಮೇಲೆ ಕುರ್ಚಿ, ಮೇಜು ನಿಧಾನಕ್ಕೆ

ಮನೆಯಲ್ಲೇ ಆಫೀಸು ಮಾಡಿಕೊಳ್ಳುವವರು ಸಾಮಾನ್ಯವಾಗಿ ಮೊದಲು ತರುವುದು ಮೇಜು. ಖಾಲಿ ಇದ್ದ ಗೋಡೆಗೆ ಅದನ್ನು ಒತ್ತಿ ಇಟ್ಟಮೇಲೆ ಒಂದೊಂದೇ ಗೊತ್ತಾಗುತ್ತದೆ. ಪ್ಲಗ್ ಪಾಯಿಂಟ್ ಎದುರಿನ ಗೋಡೆಯಲ್ಲಿದೆ, ವೈಫೈ ಡಬ್ಬಿ ಹಾಲಿನಲ್ಲಿದೆ, ಮೂರು ಗಂಟೆಯ ಬಿಸಿಲು ನೇರ ಸ್ಕ್ರೀನಿಗೇ ಬಂದು ಬಡಿಯುತ್ತದೆ. ಆಮೇಲೆ ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಅದರ ಬಾಲಕ್ಕೆ ಇನ್ನೊಂದು. ಆರು ತಿಂಗಳಲ್ಲಿ ಮೇಜಿನ ಕೆಳಗೆ ಕಾಲಿಡಲು ಜಾಗವಿಲ್ಲ.

ಇಲ್ಲಿ ಹೇಳುವ ಕ್ರಮ ಬೇರೆ: ಕರೆಂಟು, ನೆಟ್ಟು, ಬೆಳಕು, ಕುರ್ಚಿ, ಮೇಜು, ಕಾಗದ. ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ತೆರಿಗೆ ಲೆಕ್ಕ, ವಿಮೆ, ವಕೀಲಿಕೆ, ಅನುವಾದ, ಸಣ್ಣ ವ್ಯಾಪಾರ, ಹೀಗೆ ಕಂಪ್ಯೂಟರಿನ ಜೊತೆಗೆ ಕಾಗದವೂ ಬಂದು ಬೀಳುವ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಜಾಗ ಕನಿಷ್ಠ ಎಷ್ಟು ಬೇಕು ಎಂದರೆ 4 ಅಡಿ ಅಗಲ, 5 ಅಡಿ ಉದ್ದ. ಮೇಜಿಗೆ 2 ಅಡಿ, ಕುರ್ಚಿ ಹಿಂದೆ ಸರಿದು ಏಳಲು 3 ಅಡಿ. ಬಾಗಿಲು ತೆರೆದುಕೊಳ್ಳುವ ಜಾಗ ಈ ಲೆಕ್ಕದಲ್ಲಿಲ್ಲ.

ಕರೆಂಟು

ಒಬ್ಬ ಎಲೆಕ್ಟ್ರೀಷಿಯನ್‌ನನ್ನು ಕರೆಸಿ ಅರ್ಧ ದಿನದ ಕೆಲಸ ಕೊಡಿ. ಅವನ ಕೈಲಿ ಮೂರು ಕೆಲಸ ಆಗಬೇಕು.

ಮೊದಲನೆಯದು ಅರ್ಥಿಂಗ್. ಮೆಟಲ್ ಬಾಡಿಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮುಂಗೈಗೆ ಜುಮ್ ಎನ್ನುತ್ತಿದ್ದರೆ ಅಲ್ಲಿ ಅರ್ಥ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಸಾಕೆಟ್ಟಿನಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ. ಹಳೇ ಮನೆಗಳಲ್ಲಿ ಇದು ತೀರಾ ಮಾಮೂಲು. ಮಲ್ಟಿಮೀಟರ್ ಹಿಡಿದು ಅಳೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಇಪ್ಪತ್ತು ಮೂವತ್ತು ತೋರಿಸಿದರೆ ಅರ್ಥ್ ಸಡಿಲವಾಗಿದೆ ಅಥವಾ ನ್ಯೂಟ್ರಲ್ ಕೆಟ್ಟಿದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಜುಮ್ ಬಂತು ಎಂದು ದೂರುವವರೂ ಇದ್ದಾರೆ; ಅದಕ್ಕೆ ಮನೆ ಮಾಲೀಕರು ಏನೂ ಮಾಡಲಾಗದು.

ಎರಡನೆಯದು, ಮೇಜು ಬರುವ ಜಾಗದಲ್ಲಿ ನೆಲದಿಂದ 32 ರಿಂದ 34 ಇಂಚು ಎತ್ತರಕ್ಕೆ, ಅಂದರೆ ಮೇಜಿನ ಹಲಗೆಗಿಂತ ಸ್ವಲ್ಪ ಮೇಲೆ, 6 ಆಂಪಿಯರಿನ ನಾಲ್ಕು ಸಾಕೆಟ್. ಬಾಡಿಗೆ ಮನೆಯಲ್ಲಿ ಗೋಡೆ ಒಡೆಯಲು ಬಿಡುವುದಿಲ್ಲ. ಪಿವಿಸಿ ಪಟ್ಟಿಯೊಳಗೆ ವೈರ್ ಎಳೆದು ಹೊರಗಿನಿಂದ ಬಾಕ್ಸ್ ಕೂರಿಸಿದರೆ ಖಾಲಿ ಮಾಡುವಾಗ ನಾಲ್ಕು ಸ್ಕ್ರೂ ಬಿಚ್ಚಿದರಾಯಿತು. ಸಾಕೆಟ್ಟು ಮೇಜಿನ ಕೆಳಗಿದ್ದರೆ ಬಗ್ಗಿ ಪ್ಲಗ್ ಹಾಕಲು ಬೇಜಾರಾಗಿ ಎಲ್ಲರೂ ಮತ್ತೆ ಎಕ್ಸ್‌ಟೆನ್ಷನ್ನಿಗೇ ಹೋಗುತ್ತಾರೆ. ಒಂದು 6 ಆಂಪಿಯರ್ ಸಾಕೆಟ್ ತಡೆಯುವುದು ಸುಮಾರು 1,380 ವ್ಯಾಟ್. ಕಂಪ್ಯೂಟರಿಗೆ ಇದು ಬೇಕಾದಷ್ಟಾಯಿತು. ಅದೇ ಬೋರ್ಡಿಗೆ ಮನೆಯವರು ಇಸ್ತ್ರಿಪೆಟ್ಟಿಗೆ ಹಾಕಿದ ದಿನ ಮಾತ್ರ ಗ್ರಹಚಾರ.

ಮೂರನೆಯದು ಇನ್ವರ್ಟರ್ ಲೈನು. ಮನೆಯಲ್ಲಿ ಇನ್ವರ್ಟರ್ ಇದೆ ಅಂದಮಾತ್ರಕ್ಕೆ ನಿಮ್ಮ ಸಾಕೆಟ್ಟಿಗೆ ಅದರ ಕರೆಂಟು ಬರುತ್ತದೆ ಎಂದಲ್ಲ. ಬಹಳ ಮನೆಗಳಲ್ಲಿ ಫ್ಯಾನು ಲೈಟಿಗೆ ಮಾತ್ರ ಕೊಟ್ಟಿರುತ್ತಾರೆ. ಮೇನ್ ಆಫ್ ಮಾಡಿ ನೋಡಿ. ಬರದಿದ್ದರೆ ಆ ಸಾಕೆಟ್ಟಿಗೂ ಇನ್ವರ್ಟರ್ ಫೇಸ್ ಎಳೆಸಿ. ಇನ್ವರ್ಟರಿನ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಯುಪಿಎಸ್ ಕಡೆಗಿರಲಿ, ಇಲ್ಲದಿದ್ದರೆ ಕರೆಂಟು ಹೋದ ಕ್ಷಣಕ್ಕೆ ರೀಸ್ಟಾರ್ಟ್ ಆಗುತ್ತದೆ. ಲ್ಯಾಪ್‌ಟಾಪಿಗೆ ಎರಡೂ ಒಂದೇ.

ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ನೆಟ್ ಡಬ್ಬಿ 12, ಎಲ್‌ಇಡಿ 20, ಹಳೇ ಫ್ಯಾನು 75: ಒಟ್ಟು 190 ವ್ಯಾಟಿನಷ್ಟು. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದ್ದರೂ ಇನ್ವರ್ಟರ್ ತಾನೇ ತಿನ್ನುವುದು, ಪೂರ್ತಿ ಖಾಲಿ ಮಾಡಬಾರದು ಎಂಬುದನ್ನೆಲ್ಲ ಕಳೆದು 1,100 ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆರು ಗಂಟೆ ಹತ್ತಿರ. ಅದೇ ಹೊತ್ತಿಗೆ ಹಾಲಿನಲ್ಲಿ ಟಿವಿ, ಇನ್ನೆರಡು ಫ್ಯಾನು ಓಡುತ್ತಿದ್ದರೆ ಮೂರು ಗಂಟೆ. ಹಳೇ ಫ್ಯಾನನ್ನು ತೆಗೆದು ಕಡಿಮೆ ಕರೆಂಟು ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಹೊಸ ಬ್ಯಾಟರಿ ತರದೆಯೇ ಒಂದು ಗಂಟೆಗೂ ಹೆಚ್ಚು ಸಿಗುತ್ತದೆ.

ತಿಂಗಳ ಬಿಲ್ಲಿಗೂ ಇದೇ ಲೆಕ್ಕ: ದಿನಕ್ಕೆ 9 ಗಂಟೆ, 26 ದಿನ, ಸುಮಾರು 44 ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. 200 ದಾಟಿದ ತಿಂಗಳು ಇಡೀ ಬಿಲ್ಲೇ ನಿಮ್ಮದು. ಎಸಿ ಹಾಕಿಸುವ ಯೋಚನೆಯಿದ್ದರೆ ಮೊದಲು ಹಳೇ ಬಿಲ್ಲುಗಳನ್ನು ತೆಗೆದು ನೋಡಿ.

ಒಂದು ಮಾತು ಲೇಸರ್ ಪ್ರಿಂಟರ್ ಬಗ್ಗೆ. ಅದು ಬಿಸಿಯಾಗುವ ಕೆಲವು ಸೆಕೆಂಡು 500ರಿಂದ 1,000 ವ್ಯಾಟ್ ಎಳೆಯುತ್ತದೆ. ಮೇಜಿನ ಕೆಳಗಿನ 600 ವಿಎ ಯುಪಿಎಸ್ಸಿನ ತಾಕತ್ತು 360 ವ್ಯಾಟ್ ಆಸುಪಾಸು. ಪ್ರಿಂಟ್ ಕೊಟ್ಟಾಗಲೆಲ್ಲ ಯುಪಿಎಸ್ ಕಿರುಚಿ ಕಂಪ್ಯೂಟರ್ ಆಫ್ ಆಗುವುದು ಇದಕ್ಕೇ. ಪ್ರಿಂಟರನ್ನು ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಾಕಿ. ಕರೆಂಟು ಇಲ್ಲದಾಗ ಪ್ರಿಂಟ್ ಬೇಡ.

ನೆಟ್ಟು

ಫೈಬರ್ ಹಾಕಲು ಬರುವ ಹುಡುಗರು ಅವಸರದಲ್ಲಿರುತ್ತಾರೆ. ಮುಂಬಾಗಿಲ ಪಕ್ಕದಲ್ಲೇ ಡಬ್ಬಿ ಹೊಡೆದು ಹೋಗುತ್ತಾರೆ. ಅವರು ಬರುವ ಮೊದಲೇ ಜಾಗ ಗುರುತು ಹಾಕಿಟ್ಟು, ಆಫೀಸು ಕೋಣೆಯವರೆಗೆ ಎಳೆಸಿ. ಹಾಲಿನಲ್ಲೇ ಇರಬೇಕು ಎಂದಾದರೆ ಅಲ್ಲಿಂದ ಮೇಜಿಗೆ ಒಂದು ಕ್ಯಾಟ್-6 ಕೇಬಲ್ ಬಾಗಿಲ ಚೌಕಟ್ಟಿನ ಗುಂಟ ಎಳೆಯಿರಿ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವುದೇ ಕಷ್ಟ. ಕೇಬಲ್ಲಿಗೆ ಆ ತಾಪತ್ರಯವಿಲ್ಲ. ಫೈಬರ್ ವೈರನ್ನು ಮಾತ್ರ ಮೂಲೆಯಲ್ಲಿ ಚೂಪಾಗಿ ಮಡಚಬೇಡಿ, ದುಂಡಗೆ ಬಾಗಲಿ. ಬೀರುವಿನ ಹಿಂದೆ ಸಿಕ್ಕಿ ಜಜ್ಜಿದರೆ ಡಬ್ಬಿಯಲ್ಲಿ ಕೆಂಪು ದೀಪ ಮಿನುಗತೊಡಗುತ್ತದೆ. ಆ ದೀಪ ಬಂದರೆ ಹತ್ತು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ, ದೂರು ಕೊಡುವುದೊಂದೇ ದಾರಿ.

ಇನ್ವರ್ಟರ್ ಇಲ್ಲದ ಮನೆಗೆ ರೌಟರಿನ ಪುಟ್ಟ ಯುಪಿಎಸ್ ಸಿಗುತ್ತದೆ. ತರುವ ಮೊದಲು ಡಬ್ಬಿಯ ತಳದ ಸ್ಟಿಕ್ಕರ್ ಓದಿ. 12 ವೋಲ್ಟೋ 9 ವೋಲ್ಟೋ, 1 ಆಂಪಿಯರೋ 2 ಆಂಪಿಯರೋ ಎಂದು ಬರೆದಿರುತ್ತದೆ. ಪಿನ್ನು ಸೇರಿತು ಎಂದು 9 ವೋಲ್ಟಿನದಕ್ಕೆ 12 ಕೊಟ್ಟರೆ ಡಬ್ಬಿ ಸುಡಬಹುದು. ಫೈಬರ್ ಡಬ್ಬಿ, ರೌಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಕೊಟ್ಟು ವೈಫೈ ಇದೆ ನೆಟ್ಟಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಬೆಳಕು

ಕಿಟಕಿ ಸ್ಕ್ರೀನಿನ ಹಿಂದೆಯೂ ಬೇಡ, ನಿಮ್ಮ ಬೆನ್ನಿಗೂ ಬೇಡ. ಎಡಕ್ಕೋ ಬಲಕ್ಕೋ ಇರಲಿ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ ಒಳ್ಳೆಯದು, ಕೈ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ವಾಸ್ತು ನೋಡುವವರಿಗೂ ಇದರಲ್ಲಿ ಅಡ್ಡಿಯಿಲ್ಲ: ಪೂರ್ವಕ್ಕೆ ಮುಖ ಮಾಡಿ ಕೂತರೆ ಉತ್ತರದ ಕಿಟಕಿ ಎಡಕ್ಕೇ ಬರುತ್ತದೆ. ನಮ್ಮ ಕಡೆ ಉತ್ತರದ ಕಿಟಕಿಗೆ ವರ್ಷದ ಹೆಚ್ಚಿನ ತಿಂಗಳು ನೇರ ಬಿಸಿಲಿಲ್ಲ. ಪಶ್ಚಿಮದ ಕಿಟಕಿಯೇ ಗತಿ ಎಂದಾದರೆ ದಪ್ಪ ಪರದೆ ಬೇಕೇ ಬೇಕು. ರಾತ್ರಿಗೆ 20 ವ್ಯಾಟಿನ ಒಂದು ಎಲ್‌ಇಡಿ ಪಟ್ಟಿ, 4000 ಕೆಲ್ವಿನ್‌ನದು (ತೀರಾ ಹಳದಿಯೂ ಅಲ್ಲ, ತೀರಾ ಬಿಳಿಯೂ ಅಲ್ಲ), ಸ್ಕ್ರೀನಿನ ಗಾಜಿನಲ್ಲಿ ಕಾಣದ ಕಡೆ.

ಕುರ್ಚಿ ಮತ್ತು ಮೇಜು

ದುಡ್ಡು ಕಡಿಮೆಯಿದ್ದರೆ ಕುರ್ಚಿಗೆ ಹಾಕಿ, ಮೇಜಿಗೆ ಅಲ್ಲ. ಎತ್ತರ ಏರಿಸಿ ಇಳಿಸುವಂತಿರಬೇಕು. ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಅಂಗಡಿಯ ದೊಡ್ಡ "ಬಾಸ್" ಕುರ್ಚಿಗಳು ಐದೂಕಾಲು ಅಡಿಯವರಿಗೆ ಉದ್ದವಾಗುತ್ತವೆ. ಬೆನ್ನು ಒರಗಿಸಿದರೆ ಕಾಲು ನೆಲಕ್ಕಿಲ್ಲ, ಕಾಲು ಊರಿದರೆ ಬೆನ್ನಿಗೆ ಆಸರೆಯಿಲ್ಲ. ರೆಕ್ಸಿನ್ ಹೊದಿಕೆ ಕರಾವಳಿಯ ಸೆಕೆಗೆ ಬಲುಬೇಗ ಸಿಪ್ಪೆ ಏಳುತ್ತದೆ. ಅಲ್ಲಿಗೆ ಜಾಲರಿ ಬೆನ್ನಿನದೇ ಸರಿ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಚಕ್ರ ಜಾರುತ್ತದೆ. ಕೆಳಗೊಂದು ಚಾಪೆ ಹಾಸಿ, ಇಲ್ಲವೇ ರಬ್ಬರಿನಂಥ ಮೆತ್ತನೆ ಚಕ್ರ ಹಾಕಿಸಿ.

ಮೇಜಿನ ಎತ್ತರದಲ್ಲೇ ಹೆಚ್ಚಿನವರು ಎಡವುವುದು. ರೆಡಿಮೇಡ್ ಮೇಜು 29ರಿಂದ 30 ಇಂಚು. ಕುರ್ಚಿಯಲ್ಲಿ ಪಾದ ಪೂರ್ತಿ ಊರಿ ಕೂತು, ಮೊಣಕೈಯನ್ನು ಎಲ್ ಆಕಾರಕ್ಕೆ ಮಡಚಿ, ನೆಲದಿಂದ ಮೊಣಕೈವರೆಗೆ ಯಾರ ಕೈಲಾದರೂ ಟೇಪ್ ಹಿಡಿಸಿ. ಐದು ಅಡಿ ಮೂರು ಇಂಚಿನವರಿಗೆ 25 ಇಂಚಿನ ಹತ್ತಿರ ಬರುತ್ತದೆ. ಕೀಬೋರ್ಡು ಇರಬೇಕಾದ ಎತ್ತರ ಅದು. ಅಂದರೆ ಅಂಗಡಿಯ ಮೇಜು ನಾಲ್ಕು ಇಂಚು ಜಾಸ್ತಿ, ಸಂಜೆಯ ಹೊತ್ತಿಗೆ ಹೆಗಲು ಹಿಡಿದುಕೊಳ್ಳುವುದು ಆ ನಾಲ್ಕು ಇಂಚಿನಿಂದ. ಮೂರು ದಾರಿಗಳಿವೆ. ಮರದ ಮೇಜಾದರೆ ಬಡಗಿಯ ಕೈಲಿ ಕಾಲು ಕತ್ತರಿಸಿ. ಇಲ್ಲವೇ ಹಲಗೆಯ ಕೆಳಗೆ ಮೂರ್ನಾಲ್ಕು ಇಂಚು ಇಳಿಸಿ ಕೀಬೋರ್ಡ್ ಟ್ರೇ ಕೂರಿಸಿ. ಅದೂ ಬೇಡವೆಂದರೆ ಕುರ್ಚಿ ಏರಿಸಿ, ಕಾಲ ಕೆಳಗೆ ನಾಲ್ಕು ಇಂಚಿನ ಮಣೆ ಹಾಕಿ. ಅಡುಗೆಮನೆಯ ಹಳೇ ಮಣೆ ಸಾಕು, ಇದಕ್ಕೆ ಸಾವಿರ ರೂಪಾಯಿ ಫುಟ್‌ರೆಸ್ಟ್ ದಂಡ.

ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಕೈ ಚಾಚಿದಷ್ಟು ದೂರದಲ್ಲಿ. ಲ್ಯಾಪ್‌ಟಾಪಿನಲ್ಲಿ ದಿನವಿಡೀ ಕೆಲಸವೆಂದರೆ ಬೇರೆ ಕೀಬೋರ್ಡು, ಮೌಸು ಇಲ್ಲದೆ ಇದು ಸಾಧ್ಯವಿಲ್ಲ.

ಹಲಗೆ 4 ಅಡಿಗೆ 2 ಅಡಿ, 19 ಮಿ.ಮೀ. ಪ್ಲೈವುಡ್, ಕಾಲು ಕಬ್ಬಿಣದ್ದು. ಪಾರ್ಟಿಕಲ್ ಬೋರ್ಡಿನ ಕಾಲಾದರೆ ದಿನಾ ನೆಲ ಒರೆಸುವ ನೀರು ಕುಡಿದು ಕೆಳಗಿನಿಂದ ಉಬ್ಬುತ್ತದೆ. ವೈರುಗಳನ್ನು ಹಲಗೆಯ ಅಡಿಯಲ್ಲೇ ಒಂದು ತಗಡಿನ ತೊಟ್ಟಿ ಸ್ಕ್ರೂ ಮಾಡಿ ಅದರಲ್ಲಿಡಿ. ನೆಲಕ್ಕೆ ಇಳಿಯುವ ವೈರ್ ಒಂದೇ ಇದ್ದರೆ ಕಸ ಗುಡಿಸುವವರ ಬೈಗುಳ ತಪ್ಪುತ್ತದೆ. ಪ್ರತಿ ಅಡಾಪ್ಟರಿಗೆ ಬಿಳಿ ಟೇಪು ಸುತ್ತಿ ಯಾವುದರದೆಂದು ಬರೆಯಿರಿ.

ಕಾಗದ

ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರ ಉತ್ಸಾಹ ಇಳಿದಿರುತ್ತದೆ. ಆದರೆ ಮನೆ ಆಫೀಸು ಕೆಡುವುದು ಇಲ್ಲೇ.

ಕಪಾಟಿನ ಅಳತೆಯಿಂದ ಶುರು. ಬಡಗಿಗೆ ಬಿಟ್ಟರೆ ಪುಸ್ತಕದ ಅಂದಾಜಿಗೆ 12 ಇಂಚಿಗೊಂದು ಹಲಗೆ ಹೊಡೆಯುತ್ತಾನೆ. ದೊಡ್ಡ ಬಾಕ್ಸ್ ಫೈಲು ನಿಲ್ಲಿಸಿದರೆ 14 ಇಂಚಿನ ಹತ್ತಿರ. ಹಲಗೆಗಳ ನಡುವೆ 15 ಇಂಚು ಬಿಡಿಸಿ, ಆಳ 12 ಇಂಚು. ಮೂರು ಇಂಚು ದಪ್ಪದ ಫೈಲುಗಳು ಮೂರಡಿ ಹಲಗೆಯಲ್ಲಿ ಹನ್ನೆರಡು ಹಿಡಿಯುತ್ತವೆ. ಹನ್ನೊಂದೇ ಇಡಿ, ಎಳೆಯಲು ಕೈಯಾಡಬೇಕು. 500 ಹಾಳೆಯ ಒಂದು ರೀಮು ಎರಡೂವರೆ ಕಿಲೋ ಹತ್ತಿರ ತೂಗುತ್ತದೆ, ಫೈಲಿಗೊಂದು ರೀಮಿನಷ್ಟು ಕಾಗದ ಎಂದಿಟ್ಟುಕೊಂಡರೂ ತುಂಬಿದ ಹಲಗೆಯ ಮೇಲೆ 25 ಕಿಲೋ ದಾಟುತ್ತದೆ. ನಡುವೆ ಆಸರೆಯಿಲ್ಲದ ಪಾರ್ಟಿಕಲ್ ಬೋರ್ಡು ಮೂರಡಿಗೆ ಬಾಗಿಯೇ ಬಾಗುತ್ತದೆ.

ಕಾಗದವನ್ನು ಮೂರು ಗುಂಪಾಗಿ ನೋಡಿ. ಈ ವರ್ಷದ ಓಡುವ ಫೈಲುಗಳು ಕೂತಲ್ಲೇ ಕೈಗೆ ಸಿಗಬೇಕು. ಹಳೇ ವರ್ಷದವು ಮೇಲಿನ ಹಲಗೆಗೆ ಅಥವಾ ಅಟ್ಟಕ್ಕೆ. ಮೂರನೆಯದು ಮೂಲಪತ್ರಗಳು: ಕ್ರಯಪತ್ರ, ಅಂಕಪಟ್ಟಿ, ಬಾಂಡು, ಪಾಲಿಸಿ. ಇವಕ್ಕೆ ಪಂಚಿಂಗ್ ಇಲ್ಲ, ಲ್ಯಾಮಿನೇಷನ್ ಇಲ್ಲವೇ ಇಲ್ಲ. ಒಮ್ಮೆ ಲ್ಯಾಮಿನೇಟ್ ಆದ ಕಾಗದವನ್ನು ಹಾಳುಮಾಡದೆ ಹೊರತೆಗೆಯಲು ಆಗದು. ಎಲ್-ಫೋಲ್ಡರಿನಲ್ಲಿಟ್ಟು ಬೀರುವಿಗೆ ಬೀಗ.

ಬೇರೆಯವರ ಮೂಲಪತ್ರ ನಿಮ್ಮ ಮನೆಗೆ ಬರುತ್ತದೆ ಎಂದಾದರೆ ಒಂದು ಇನ್‌ವರ್ಡ್ ಪುಸ್ತಕ ಇಡಲೇಬೇಕು. ಇನ್ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಒಂದು ಸಾಲು ಹೀಗಿರಲಿ: "47 / 12-6-2025 / ಖರೀದಿ ಬಿಲ್ 31, ಪಾಸ್‌ಬುಕ್ ಮೂಲ 1 / ವಾಪಸ್ 18-6, ಸಹಿ". "ಬಿಲ್ಲುಗಳು" ಎಂದು ಬರೆದರೆ ಬರೆದಂತಲ್ಲ, 31 ಎಂದು ಎಣಿಸಿ ಬರೆಯಬೇಕು. ತಗಾದೆ ಬರುವುದು ಆ ಮೂವತ್ತೊಂದನೆಯದರ ಮೇಲೆ.

ಎಷ್ಟು ವರ್ಷ ಇಡಬೇಕು? ಜಿಎಸ್‌ಟಿ ನೋಂದಣಿ ಇದ್ದವರಿಗೆ ಕಾಯ್ದೆಯ 36ನೇ ಸೆಕ್ಷನ್ ಹೇಳುವುದು 72 ತಿಂಗಳು. ಎಣಿಕೆ ಶುರುವಾಗುವುದು ವರ್ಷ ಮುಗಿದ ದಿನದಿಂದಲ್ಲ, ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ. 2024-25ರ ವಾರ್ಷಿಕ ರಿಟರ್ನಿಗೆ ಕಾಯ್ದೆಯ ಕೊನೇ ದಿನ 31 ಡಿಸೆಂಬರ್ 2025. ಹಾಗಾಗಿ ಆ ವರ್ಷದ ಫೈಲನ್ನು 31 ಡಿಸೆಂಬರ್ 2031ರವರೆಗೆ ಇಡಬೇಕು. ಕೇಸೋ ಅಪೀಲೋ ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ. ಫೈಲಿನ ಬೆನ್ನ ಮೇಲೆ ವರ್ಷದ ಜೊತೆಗೆ ಈ ತಾರೀಖನ್ನೂ ಮಾರ್ಕರಿನಲ್ಲಿ ಬರೆದುಬಿಟ್ಟರೆ ಯಾವುದನ್ನು ರದ್ದಿಗೆ ಹಾಕಬಹುದು ಎಂದು ಪ್ರತಿ ವರ್ಷ ಕುಳಿತು ಲೆಕ್ಕ ಹಾಕಬೇಕಿಲ್ಲ. ಅಂದ ಹಾಗೆ, ಮನೆ ವಿಳಾಸದಲ್ಲೇ ನೋಂದಣಿ ಮಾಡಿಸುವುದಾದರೆ ಪ್ರಮಾಣಪತ್ರವನ್ನು ಕಾಣುವಲ್ಲಿ ತೂಗುಹಾಕಿ, ಬಾಗಿಲ ಬೋರ್ಡಿನಲ್ಲಿ ಜಿಎಸ್‌ಟಿ ಸಂಖ್ಯೆ ಬರೆಸಬೇಕು, 18ನೇ ನಿಯಮ. ಬೋರ್ಡು ಹಾಕಿದ ಮೇಲೆ ಮಾಲೀಕರಿಗೆ ಗೊತ್ತಾಗುವುದಕ್ಕಿಂತ ಬಾಡಿಗೆ ಕರಾರು ಮಾಡುವಾಗಲೇ ಹೇಳಿ, ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ಲೇಸು.

ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್ಟಿನ ನುಣುಪು ಬಿಲ್ಲುಗಳು ಬಿಸಿಗೆ ಅಕ್ಷರ ಮೂಡುವ ಥರ್ಮಲ್ ಕಾಗದ. ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತವೆ, ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಇನ್ನೂ ಬೇಗ. ಬಂದ ವಾರವೇ ಜೆರಾಕ್ಸ್ ಮಾಡಿ, ಮೂಲವನ್ನು ಅದರ ಹಿಂದೆ ಸೇರಿಸಿಡಿ.

ಮಳೆಗಾಲದ ವಿಚಾರವನ್ನು ಮಲೆನಾಡು, ಕರಾವಳಿಯವರಿಗೆ ಬೇರೆಯೇ ಹೇಳಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆಯುವ ಗೋಡೆಗೆ ಕಪಾಟು ತಾಗಬಾರದು. ನಾಲ್ಕು ಇಂಚು ಬಿಡಿ, ನೆಲದಿಂದ ಆರು ಇಂಚು ಎತ್ತರಿಸಿ. ಗೆದ್ದಲಿನ ಮಣ್ಣಿನ ಗೆರೆ ಹತ್ತುತ್ತಿದ್ದರೆ ಆ ಸಂದಿಯಲ್ಲಿ ಕಣ್ಣಿಗೆ ಬೀಳುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಫೈಲು ತುಂಬಿ ನೆಲದ ಮೇಲಿಡುವುದೆಂದರೆ ಗೆದ್ದಲಿಗೆ ಎಲೆ ಹಾಕಿ ಕರೆದಂತೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ತೂತು ಮಾಡುತ್ತದೆ. ಬಹುಕಾಲ ಇಡುವ ಕಾಗದಕ್ಕೆ ದಾರದ ಟ್ಯಾಗೇ ಉತ್ತಮ. ಸಿಲಿಕಾ ಜೆಲ್ ಪೊಟ್ಟಣ ಬಾಗಿಲು ಬಿಗಿಯಿಲ್ಲದ ಕಪಾಟಿನಲ್ಲಿ ವ್ಯರ್ಥ. ಮೂಲಪತ್ರಗಳಿಗೆ ರಬ್ಬರ್ ಅಂಚಿನ ಬಿಗಿ ಡಬ್ಬ ತಂದು ಅದರೊಳಗೆ ಹಾಕಿ, ಬಣ್ಣ ಬದಲಾದಾಗ ಬದಲಿಸಿ. ಪ್ರಿಂಟರಿನ ಕಾಗದ ಸಿಕ್ಕಿಕೊಳ್ಳುವುದೂ ತೇವದಿಂದಲೇ: ಟ್ರೇಗೆ ಐವತ್ತು ಹಾಳೆ ಮಾತ್ರ ಹಾಕಿ, ರೀಮಿನ ಬಾಯಿ ಕಟ್ಟಿಡಿ. ಇಂಕ್ ಟ್ಯಾಂಕ್ ಪ್ರಿಂಟರಾದರೆ ಕೆಲಸವಿರಲಿ ಬಿಡಲಿ, ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ, ಇಲ್ಲದಿದ್ದರೆ ಹೆಡ್ ಒಣಗುತ್ತದೆ.

ಮೇಜಿನ ಮೇಲೆ ಎರಡೇ ಟ್ರೇ: ಬಂದದ್ದು, ಫೈಲಿಗೆ ಹೋಗಬೇಕಾದದ್ದು. ಮೂರನೆಯದನ್ನು ತಂದರೆ ಅದು "ಆಮೇಲೆ ನೋಡೋಣ" ಟ್ರೇ ಆಗಿ ತುಂಬುತ್ತದೆ. ಶನಿವಾರ ಅರ್ಧ ಗಂಟೆ ಎರಡನೇ ಟ್ರೇ ಖಾಲಿ ಮಾಡಲು. ತಿಂಗಳ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಸುತ್ತು ಹಾಕಿ: 7 ಟಿಡಿಎಸ್ (ಮುರಿದುಕೊಂಡ ತೆರಿಗೆ) ಕಟ್ಟಲು, 11 ಜಿಎಸ್‌ಟಿಆರ್-1 (ಮಾರಾಟದ ವಿವರ), 20 ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನು). ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣವರಿಗೆ ಈ ಎರಡು ಜಿಎಸ್‌ಟಿ ರಿಟರ್ನುಗಳ ತಾರೀಖು ಕರ್ನಾಟಕದಲ್ಲಿ 13 ಮತ್ತು 22.

ಕಂಪ್ಯೂಟರಿನೊಳಗೆ

ಫೋಲ್ಡರು ಮೊದಲು ಆರ್ಥಿಕ ವರ್ಷ, ಅದರೊಳಗೆ ಗ್ರಾಹಕರು, ಅದರೊಳಗೆ ಕೆಲಸ. ಮೂರು ಮೆಟ್ಟಿಲು ಸಾಕು. ಫೈಲಿನ ಹೆಸರು ತಾರೀಖಿನಿಂದ ಶುರುವಾಗಲಿ, ವರ್ಷ ಮುಂದೆ: "2025-06-12 ಖರೀದಿ ಬಿಲ್". 12-06-2025 ಎಂದರೆ ಬೇರೆಬೇರೆ ತಿಂಗಳ 12ನೇ ತಾರೀಖುಗಳೆಲ್ಲ ಒಟ್ಟಿಗೆ ಗುಡ್ಡೆ ಬೀಳುತ್ತವೆ. ಸರ್ಕಾರಿ ಪೋರ್ಟಲ್ಲಿಗೆ ಏರಿಸುವ ಪ್ರತಿಯ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿಟ್ಟರೆ ತಕರಾರು ಕಡಿಮೆ. ಅಕ್ಷರದ ಕಾಗದ ಸ್ಕ್ಯಾನ್ ಮಾಡಲು 200 ಡಿಪಿಐ ಸಾಕು. 600ರಲ್ಲಿ ತೆಗೆದು ಸೈಜು ಜಾಸ್ತಿಯಾಯಿತೆಂದು ಮತ್ತೆ ಕುಗ್ಗಿಸುವುದು ಎರಡು ಕೆಲಸ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. 'ನುಡಿ' ತಂತ್ರಾಂಶದಲ್ಲಿ, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಹೊಡೆದ ಕಡತಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗದು, ಏಕೆಂದರೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಫಾಂಟ್ ಇಲ್ಲದ ಮಷಿನ್ನಿನಲ್ಲಿ ತೆರೆದಾಗ ಅದೇ ರಾಶಿ ಕಾಣುವುದು. ಅಂಥವನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲವನ್ನು ಪಿಡಿಎಫ್ ಮಾಡಿಯೂ ಇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುವುದುಂಟು. ಹೆಸರು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು.

ಪ್ರತಿ ಮೂರಿರಲಿ: ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಮನೆಯ ಹೊರಗೆ, ಅಂದರೆ ಕ್ಲೌಡಿನಲ್ಲೋ ನೆಂಟರ ಮನೆಯ ಬೀರುವಿನಲ್ಲೋ, ಇನ್ನೊಂದು. ಹಾರ್ಡ್ ಡಿಸ್ಕನ್ನು ಶನಿವಾರದ ಅರ್ಧ ಗಂಟೆಯಲ್ಲಿ ಮಾತ್ರ ಜೋಡಿಸಿ, ಕೆಲಸ ಮುಗಿದ ಕೂಡಲೇ ಕೀಳಿ. ಸದಾ ಅಂಟಿಕೊಂಡೇ ಇದ್ದರೆ ವೈರಸ್ಸೂ ಸಿಡಿಲೂ ಎರಡನ್ನೂ ಒಟ್ಟಿಗೆ ತಿನ್ನುತ್ತವೆ. ಮೂರು ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಒಂದು ಹಳೇ ಫೈಲನ್ನು ತೆರೆದು ನೋಡಿ.

ವರ್ಷಕ್ಕೆರಡು ದಿನ

ಏಪ್ರಿಲ್ 1 ಕಾಗದದ ದಿನ. ಹೊಸ ವರ್ಷದ ಫೈಲುಗಳ ಬೆನ್ನು ಬರೆದು, ಹೋದ ವರ್ಷದವನ್ನು ಮೇಲಕ್ಕೇರಿಸಿ, ತಾರೀಖು ದಾಟಿದವನ್ನು ಹರಿದು ರದ್ದಿಗೆ ಹಾಕಿ. ಆಧಾರ್, ಪಾನ್ ಪ್ರತಿಗಳಿದ್ದರೆ ಇಡಿಯಾಗಿ ರದ್ದಿಯವರಿಗೆ ಕೊಡಬೇಡಿ.

ಯಂತ್ರಗಳ ದಿನ ಆಯುಧಪೂಜೆ; ಹೇಗೂ ಅಂದು ಎಲ್ಲವನ್ನೂ ಒರೆಸುತ್ತೀರಿ. ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಗಾಳಿಕಿಂಡಿಗಳ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಮೇಜಿಗೆ ಮಾತ್ರ. ಇನ್ವರ್ಟರ್ ಬ್ಯಾಟರಿಯ ನೀರಿನ ಮಟ್ಟ ತೋರಿಸುವ ತೇಲುಕಡ್ಡಿ ನೋಡಿ, ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಮೇಲಿನ ಗುರುತು ದಾಟಬೇಡಿ. ಇದನ್ನು ಹಬ್ಬಕ್ಕಷ್ಟೇ ಬಿಡದೆ ಎರಡು ಮೂರು ತಿಂಗಳಿಗೊಮ್ಮೆ ನೋಡಬೇಕು. ಅರಿಶಿನ ಕುಂಕುಮ ಮಾನಿಟರಿನ ಸ್ಟ್ಯಾಂಡಿಗೋ ಮೇಜಿನ ಕಾಲಿಗೋ ಹಚ್ಚಿ, ಕೀಬೋರ್ಡಿಗೆ ಬೇಡ. ಹೂವಿನ ಎಸಳು ಪ್ರಿಂಟರಿನ ಬಾಯಿಗೆ ಬಿದ್ದರೆ ಮಾರನೇ ದಿನದ ಮೊದಲ ಹಾಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.